ಗೋಡೆಗೆ ಗೊತ್ತಾಗದಂತೆ ನೆಲ ಇಳಿಸುವುದು

(ಬಾಗಲಕೋಟೆಯಲ್ಲಿ ಒಂದು ಭಾನುವಾರ ಸಂಜೆ, ಹಳೆ ಮನೆಗಳ ದುರಸ್ತಿ ಬಗ್ಗೆ ಆಡಿದ ಮಾತುಗಳು. ಅಲ್ಲಿ ಬೋರ್ಡಿನ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಹಿರಿಯರೊಬ್ಬರು ನನ್ನ ಹಣೆ ನೋಡಿ "ಇದೇನ್ರೀ ಗಾಯ?" ಅಂದರು. ಇದು ಕೆಲಸದ ಗುರುತು. ಮೂವತ್ತು ವರ್ಷದಿಂದ ಹಳೆ ಮನೆಗಳ ಬಾಗಿಲು ದಾಟುತ್ತಿದ್ದೇನೆ. ಇನ್ನೂ ಬಗ್ಗಲು ಕಲಿತಿಲ್ಲ.

ಬಂದವರು ತಲೆ ಬಗ್ಗಿಸಿ ಬರಲಿ ಅಂತಲೇ ಬಾಗಿಲು ಗಿಡ್ಡ ಇಟ್ಟಿದ್ದಾರೆ ಅಂತ ಹೇಳುವುದುಂಟು. ಕೆಲವು ಮನೆಗಳಲ್ಲಿ ಅದು ನಿಜವೂ ಇರಬಹುದು. ಆದರೆ ನಾನು ನೋಡಿದ ಎಷ್ಟೋ ಬಾಗಿಲುಗಳು ಕಟ್ಟಿದ ಕಾಲಕ್ಕೆ ಗಿಡ್ಡ ಇರಲೇ ಇಲ್ಲ. ಚೌಕಟ್ಟು ಇದ್ದಲ್ಲೇ ಇದೆ, ನೆಲ ಮೇಲೆ ಬಂದಿದೆ. ಓಣಿಯ ರಸ್ತೆಗೆ ಒಮ್ಮೆ ಡಾಂಬರು ಹಾಕುತ್ತಾರೆ. ಹತ್ತು ವರ್ಷ ಬಿಟ್ಟು ಅದರ ಮೇಲೇ ಕಾಂಕ್ರೀಟು. ಹಳೆಯದನ್ನು ಕಿತ್ತು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಮಳೆ ನೀರು ಹೊಸ್ತಿಲು ದಾಟಲು ಶುರುವಾದಾಗ ಮನೆಯವರೂ ಒಳಗೆ ಮಣ್ಣು ತುಂಬಿ ನೆಲ ಏರಿಸುತ್ತಾರೆ. ರಸ್ತೆಗೂ ಮನೆಗೂ ಹೀಗೆ ಪೈಪೋಟಿ. ಮಾಳಿಗೆ, ಅಂದರೆ ಮೇಲಿನ ಮಣ್ಣಿನ ಚಾವಣಿ, ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕಿಕೊಳ್ಳುವುದು ನಮ್ಮ ತಲೆ.

ಹಂಗಾಗಿ ಒಂದು ದಿನ ಮನೆಯ ಮಗ ಹೇಳುತ್ತಾನೆ: "ಮಾಳಿಗಿ ಎತ್ತಾಕ ರೊಕ್ಕ ಇಲ್ಲ, ನೆಲಾನ ಒಂದೂವರಿ ಅಡಿ ಇಳಿಸೂಣು." ಕೇಳಲಿಕ್ಕೆ ಬಹಳ ಸರಳ. ಗುದ್ದಲಿ, ಸಲಿಕೆ, ಬುಟ್ಟಿ, ನಾಲ್ಕು ಆಳು. ಇವತ್ತು ನಾನು ಮಾತಾಡಬೇಕು ಅಂದುಕೊಂಡದ್ದು ಇದರ ಬಗ್ಗೆಯೇ. ಇಳಿಸಬೇಡಿ ಅಂತ ಹೇಳಲು ಬಂದಿಲ್ಲ. ಇಳಿಸಿ, ಆದರೆ ಗೋಡೆಗೆ ಗೊತ್ತಾಗದಂತೆ ಇಳಿಸಿ.

ಕೆಳಗೆ ಏನಿದೆ, ಪಾಯ ಎಷ್ಟು ಆಳ ಇದೆ ಅಂತ ನೋಡಲು ಮೊದಲು ಒಂದು ಗುಂಡಿ ತೋಡಿ. ಎರಡಡಿ ಉದ್ದ, ಎರಡಡಿ ಅಗಲ ಸಾಕು. ಗೋಡೆಗೆ ತಾಗಿದಂತೆ ಇರಬೇಕು, ಕಂಬದಿಂದ ದೂರ ಇರಬೇಕು. ಈ ಒಂದು ಗುಂಡಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಜನ ಅದನ್ನೂ ಉಳಿಸಲು ನೋಡುತ್ತಾರೆ.

ಗುಳೇದಗುಡ್ಡದ ನೇಕಾರರ ಮನೆಯೊಂದರಲ್ಲಿ ತೋಡಿಸಿದ ಗುಂಡಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಟರಿ ಹಿಡಿದು ಗುಂಡಿಯ ಬದಿ ನೋಡಿದೆ. ಎಲ್ಲಕ್ಕಿಂತ ಮೇಲೆ ಹೊಳೆಯುವ ಟೈಲ್ಸು, ಅರ್ಧ ಇಂಚು. ಅದರ ಕೆಳಗೆ ಒಂದೂವರೆ ಇಂಚು ಸಿಮೆಂಟು. ಅದರ ಕೆಳಗೆ ಶಹಾಬಾದಿ ಫರ್ಸಿ, ಅಂದರೆ ಹಾಸುಗಲ್ಲು, ಅದನ್ನು ಕೀಳದೆ ಹಾಗೇ ಬಿಟ್ಟಿದ್ದರು. ಫರ್ಸಿ ಕೆಳಗೆ ಇಂಚಿನಷ್ಟು ಉಸುಕು. ಆಮೇಲೆ ಬಂತು ನೋಡಿ, ಮಣ್ಣಿನ ನೆಲ. ಅದರಲ್ಲಿ ಸಗಣಿ ಸಾರಿಸಿದ ಪದರಗಳು ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಒಂದರ ಮೇಲೊಂದು ಕೂತಿದ್ದವು. ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುತ್ತಿತ್ತು. ಆ ಮನೆಯ ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ಅದರಾಗ ನಮ್ಮ ಅತ್ತಿ ಸಾರಿಸಿದ್ದೂ ಐತಿ, ನಾ ಸಾರಿಸಿದ್ದೂ ಐತಿ" ಅಂದರು. ಟೈಲ್ಸಿನಿಂದ ಮಣ್ಣಿನ ನೆಲದ ತಳದವರೆಗೆ ಅಳೆದರೆ 9 ಇಂಚು.

ಅಂದರೆ ಬರೀ ಈ ಪದರಗಳನ್ನು ತೆಗೆದರೇ ಮುಕ್ಕಾಲು ಅಡಿ ವಾಪಸು ಬರುತ್ತದೆ ಅಂತ ನಿಮಗೆ ಅನಿಸಬಹುದು. ಮನೆಯವರಿಗೂ ಹಾಗೇ ಅನಿಸಿತು. ಆದರೆ ಹೊಸ ನೆಲಕ್ಕೂ ದಪ್ಪ ಬೇಕಲ್ವಾ? ಗಟ್ಟಿಯಾಗಿ ಮಾಡಬೇಕೆಂದರೆ ತಳಕ್ಕೆ ಹಾಸುವ ಕಲ್ಲಿನ ಪದರ, ಅಂದರೆ ಸೋಲಿಂಗು, 6 ಇಂಚು, ಮೇಲೆ ಕಾಂಕ್ರೀಟು 3 ಇಂಚು, ಅದರ ಮೇಲೆ ಗಾರೆ ಮತ್ತು ಫರ್ಸಿ ಸೇರಿ ಎರಡೂವರೆಯಿಂದ 3 ಇಂಚು. ಹತ್ತಿರ ಹತ್ತಿರ 1 ಅಡಿ. ಆದ್ದರಿಂದ ನೆಲ ಒಂದು ಅಡಿ ಇಳಿಯಬೇಕೆಂದರೆ ಈಗಿನ ಟೈಲ್ಸಿನಿಂದ ಎರಡು ಅಡಿ ಅಗೆಯಬೇಕು. ಒಂದೂವರೆ ಅಡಿ ಇಳಿಸಲು ಎರಡೂವರೆ ಅಡಿ. ಈ ಲೆಕ್ಕ ಗುತ್ತಿಗೆದಾರರು ಹೇಳುವುದಿಲ್ಲ, ಮನೆಯವರು ಕೇಳುವುದಿಲ್ಲ. ಅರ್ಧ ಕೆಲಸ ಆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ.

ಮಣ್ಣಿನ ಲೆಕ್ಕವೂ ಹಾಗೆಯೇ. 12 ಅಡಿಗೆ 15 ಅಡಿಯ ಪಡಸಾಲೆ, ಎರಡಡಿ ಅಗೆದರೆ 360 ಘನ ಅಡಿ, ಅಂದರೆ ನೂರು ಘನ ಅಡಿಗೆ ಒಂದು ಬ್ರಾಸಿನಂತೆ ಮೂರೂವರೆ ಬ್ರಾಸಿಗಿಂತ ಜಾಸ್ತಿ. ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ, ನಾಲ್ಕೂವರೆ ಬ್ರಾಸು ಅಂತ ಹಿಡಿಯಿರಿ. ಟ್ರ್ಯಾಕ್ಟರ್ ಬಾರದ ಓಣಿಯಲ್ಲಿ ಅಷ್ಟನ್ನೂ ಬುಟ್ಟಿಯಲ್ಲಿ ಹೊರಬೇಕು.

ಇನ್ನು ಪಾಯದ ವಿಷಯ. ಈಗಿನ ಮನೆಗಳಿಗೆ ನೆಲದಿಂದ ಕನಿಷ್ಠ ಅರ್ಧ ಮೀಟರ್ ಆಳದ ಪಾಯ ಬೇಕು ಅಂತ ಭಾರತೀಯ ಮಾನಕದಲ್ಲಿದೆ. ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಇನ್ನೂ ಆಳ ಬೇಕು. ಹಳೆ ಮನೆ ಕಟ್ಟಿದವರಿಗೆ ಆ ಪುಸ್ತಕ ಇರಲಿಲ್ಲ, ಕೈಗೆ ಸಿಕ್ಕ ಗಟ್ಟಿ ನೆಲವೇ ಅವರ ಪುಸ್ತಕ. ಬಾದಾಮಿ ಕಡೆ ಗುಡ್ಡದ ಬುಡದಲ್ಲಿ ಎಷ್ಟೋ ಮನೆಗಳು ಬಂಡೆಯ ಮೇಲೇ ಕೂತಿವೆ. ಅಲ್ಲಿ ಅಗೆಯಲು ಹೋದರೆ ಗುದ್ದಲಿ ಟಣ್ ಅನ್ನುತ್ತದೆ, ಮಾತು ಮುಗಿಯಿತು. ಎರೆ ನೆಲದ ಊರುಗಳಲ್ಲಿ ಒಂದೊಂದು ಮನೆಗೆ ಒಂದೊಂದು ಥರ. ಮೂರಡಿ ಇಳಿದದ್ದನ್ನೂ ನೋಡಿದ್ದೇನೆ. ಮಣ್ಣು ಒಂದು ಮೊಳ ಸರಿಸಿ, ದಪ್ಪ ಗುಂಡುಗಲ್ಲು ಹೊಂದಿಸಿ ಗೋಡೆ ಎಬ್ಬಿಸಿದ್ದನ್ನೂ ನೋಡಿದ್ದೇನೆ. ಹೊರಗಿನಿಂದ ಎರಡೂ ಒಂದೇ. ಅದಕ್ಕೇ ಗುಂಡಿ ಬೇಕು ಅನ್ನುವುದು.

ಗೋಡೆ ಎರಡಡಿ ದಪ್ಪ ಇದೆ, ಏನೂ ಆಗುವುದಿಲ್ಲ ಅಂತ ಧೈರ್ಯ ಹೇಳುವವರಿದ್ದಾರೆ. ಎರಡಡಿ ದಪ್ಪ ಹೌದು. ಆದರೆ ಅದು ಒಂದೇ ಗೋಡೆ ಅಲ್ಲ. ಹೊರಗಿನ ಮುಖಕ್ಕೆ ಒಂದು ಸಾಲು ಕಲ್ಲು, ಒಳಗಿನ ಮುಖಕ್ಕೆ ಒಂದು ಸಾಲು ಕಲ್ಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಿದ್ದರೆ ಎರಡೂ ಕೈ ಹಿಡಿದುಕೊಂಡಿರುತ್ತವೆ. ಕೂರಿಸದಿದ್ದರೆ ಬೇರೆ ಬೇರೆಯೇ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಇಂಥ ಗೋಡೆಗಳೇ ಎರಡು ಹೋಳಾಗಿ ಬಿಚ್ಚಿಕೊಂಡು ಬಿದ್ದದ್ದು, ಮೇಲಿನ ಮಣ್ಣಿನ ಮಾಳಿಗೆ ಜನರ ಮೇಲೆ ಕೂತದ್ದು. ನೀವು ಒಳಗಿನಿಂದ ನೆಲ ಅಗೆದಾಗ ಬುಡ ಬಿಚ್ಚುವುದು ಒಳಗಿನ ಸಾಲಿನದ್ದು ಮಾತ್ರ. ಹೊರಗೆ ನಿಂತು ನೋಡಿದವರಿಗೆ ಗೋಡೆ ನೆಟ್ಟಗೇ ಕಾಣುತ್ತಿರುತ್ತದೆ.

ಇದನ್ನು ನಾನು ಕಲಿತದ್ದು ಓದಿ ಅಲ್ಲ, ಕೆಡಿಸಿ. ಕೆಲಸ ಹಿಡಿದ ಹೊಸತು. ಕಲಾದಗಿ ದಾರಿಯಲ್ಲಿ ಒಂದು ಊರು. ನಿವೃತ್ತ ಮಾಸ್ತರರ ಮನೆ. ಅವರ ಮಗ ನನಗಿಂತ ಒಂದು ಗೇಣು ಎತ್ತರ, ಜಂತಿಗೆ ತಲೆ ತಾಗಿಸಿಕೊಂಡು ಸಾಕಾಗಿ ಹೋಗಿದ್ದ. ನಾನು ಗುಂಡಿ ತೋಡಿಸಲಿಲ್ಲ. ನಮ್ಮಪ್ಪನೂ ನನ್ನ ಹಾಗೆ ಗೋಡೆ ಕಟ್ಟುವ ಗೌಂಡಿಯೇ, ಅವನಿಗೆ ಆಗ ಕಣ್ಣು ಮಂಜಾಗಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ. "ಪಾಯಾ ನೋಡೀಯೇನೋ?" ಅಂತ ರಾತ್ರಿ ಕೇಳಿದ. "ಹೂಂ" ಅಂದೆ. ಸುಳ್ಳು.

ಮೂರು ದಿನದಲ್ಲಿ ಇಡೀ ಪಡಸಾಲೆ ಗೋಡೆಯಿಂದ ಗೋಡೆಗೆ ಎರಡಡಿ ಅಗೆದು ಮುಗಿಸಿದೆವು. ನಾಲ್ಕನೇ ದಿನ ಬೆಳಿಗ್ಗೆ ಮಾಸ್ತರರು ನಡುಮನೆಯ ಬಾಗಿಲು ಹಾಕಲು ಹೋದರೆ ಬಾಗಿಲು ಹೊಸ್ತಿಲಿಗೆ ಹಿಡಿಯುತ್ತಿದೆ. ನಿನ್ನೆವರೆಗೆ ಸರಾಗ ಹಾಕಿದ ಬಾಗಿಲು. ನೋಡಿದರೆ ದೀಪ ಇಡುವ ಗೂಡಿನ ಮೂಲೆಯಿಂದ ಗಿಲಾವಿನ (ಗೋಡೆಗೆ ಮೆತ್ತಿದ ಗಾರೆಯ) ಮೇಲೆ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಬೆರಳಿನ ಉಗುರು ಹೋಗುವಷ್ಟು. ಬಗ್ಗಿ ಗೋಡೆಯ ಬುಡ ನೋಡಿದೆ. ಪಾಯದ ಕೊನೆಯ ಕಲ್ಲು ಗಾಳಿಯಲ್ಲಿತ್ತು. ಅದರ ಕೆಳಗಿನ ಎರೆ ಮಣ್ಣು ಒಣಗಿ ಪುಡಿ ಪುಡಿ ಉದುರುತ್ತಿತ್ತು, ಸಣ್ಣ ಸದ್ದಿನೊಂದಿಗೆ. ಆ ಸದ್ದು ನಾನು ಮರೆತಿಲ್ಲ.

ಮನೆಯವರನ್ನೆಲ್ಲ ಹೊರಗೆ ಕಳಿಸಿದೆವು. ಮೊದಲು ತೊಲೆಗಳಿಗೆ ಆಸರೆ ಕಂಬ ಕೊಟ್ಟೆವು. ಆಮೇಲೆ ಹೊರಹಾಕಿದ್ದ ಮಣ್ಣನ್ನೇ ಚೀಲದಲ್ಲಿ ತುಂಬಿ ಗೋಡೆಯ ಬುಡಕ್ಕೆ ಒತ್ತಿ ಒತ್ತಿ ಪೇರಿಸಿದೆವು. ಸಂಜೆ ನಮ್ಮಪ್ಪ ಕೋಲು ಹಿಡಿದು ಬಂದ. ಬೈಯಲಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಎರಡು ಕಡೆ ತೆಳ್ಳಗೆ ಸುಣ್ಣದ ಗಾರೆ ಹಚ್ಚಿಸಿದ. ಗೋಡೆ ಇನ್ನೂ ಸರಿಯುತ್ತಿದ್ದರೆ ಆ ಪಟ್ಟಿ ಸೀಳುತ್ತದೆ, ನಿಂತಿದ್ದರೆ ಹಾಗೇ ಇರುತ್ತದೆ. ಹದಿನೈದು ದಿನ ದಿನಾ ಬೆಳಿಗ್ಗೆ ಹೋಗಿ ಅದನ್ನು ನೋಡಿ ಬರುವುದೇ ನನ್ನ ಕೆಲಸ. ಸೀಳಲಿಲ್ಲ.

ಆಮೇಲೆ ಪಾಯದ ಕೆಳಗೆ ಪಾಯ ಕಟ್ಟಿದೆವು. ಇಂಜಿನಿಯರುಗಳು ಇದಕ್ಕೆ ಅಂಡರ್‌ಪಿನ್ನಿಂಗ್ ಅನ್ನುತ್ತಾರೆ. ಗೋಡೆಯ ಉದ್ದಕ್ಕೂ ಮೂರಡಿಗೊಂದರಂತೆ ಗುರುತು ಹಾಕಿ 1, 2, 3, 4, 5 ಅಂತ ಬರೆಯಬೇಕು. ಮೊದಲು 1ರ ಕೆಳಗೆ ಮಾತ್ರ ಅಗೆಯಬೇಕು, ಆಮೇಲೆ 4. ಅಕ್ಕಪಕ್ಕದ ಎರಡು ತುಂಡು ಒಟ್ಟಿಗೆ ಎಂದೂ ತೆರೆದಿರಬಾರದು. ತೆರೆದಲ್ಲಿ ಕಾಂಕ್ರೀಟು ಹಾಕಿ, ಹಳೆ ಪಾಯಕ್ಕೂ ಅದಕ್ಕೂ ನಡುವೆ ಎರಡು ಮೂರು ಇಂಚು ಸಂದು ಬಿಡಬೇಕು. ಯಾಕೆಂದರೆ ಹಸಿ ಕಾಂಕ್ರೀಟು ಒಣಗುವಾಗ ಸ್ವಲ್ಪ ಕುಗ್ಗುತ್ತದೆ. ಗಟ್ಟಿಯಾದ ಮೇಲೆ ಆ ಸಂದಿಗೆ ನೀರು ಕಮ್ಮಿ ಹಾಕಿ ಕಲಸಿದ ಗಾರೆ, ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲುವಷ್ಟು ಹದ, ಅದನ್ನು ಕಟ್ಟಿಗೆಯಿಂದ ಗುದ್ದಿ ಗುದ್ದಿ ತುಂಬಬೇಕು. ಆಗ ಗೋಡೆಯ ಭಾರ ಹೊಸ ಪಾಯಕ್ಕೆ ಬರುತ್ತದೆ. ಆಮೇಲೆ ಪಕ್ಕದ ತುಂಡು. ಅವಸರ ಇದ್ದವರು ಈ ಕೆಲಸಕ್ಕೆ ಕೈ ಹಾಕಬಾರದು. ಗುಂಡುಗಲ್ಲಿನ ಪಾಯವಾದರೆ ಮೂರಡಿಯೂ ಜಾಸ್ತಿ, ಕಲ್ಲು ಮೇಲಿಂದ ಕಳಚಿ ಬೀಳುತ್ತದೆ. ಕಟ್ಟಡ ಗೊತ್ತಿದ್ದ ಇಂಜಿನಿಯರರೊಬ್ಬರು ಬಂದು ನೋಡದೆ ಇದನ್ನು ಮಾಡಿಸಲೇಬೇಡಿ.

ಮಾಸ್ತರರ ಮನೆಗೆ ಇದರ ಖರ್ಚೆಲ್ಲ ನಾನೇ ಹಾಕಿದೆ. ಎರಡು ವರ್ಷ ಬೇಕಾಯಿತು ಸಾಲ ತೀರಲು.

ಈಗ ನಾನು ಬೇರೆ ದಾರಿ ಹಿಡಿದಿದ್ದೇನೆ. ಇಡೀ ಕೋಣೆ ಇಳಿಸುವುದಿಲ್ಲ, ನಡುವೆ ಮಾತ್ರ ಇಳಿಸುತ್ತೇನೆ. ಗೋಡೆಯ ಬುಡಕ್ಕೆ ಎರಡು ಎರಡೂವರೆ ಅಡಿ ಅಗಲದ ಒಡ್ಡು ಹಾಗೇ ಬಿಡುತ್ತೇನೆ. ಲೆಕ್ಕ ಇಷ್ಟೇ. ಪಾಯದ ತಳದಿಂದ ಒಳಗಡೆಗೆ ಓರೆಯಾಗಿ, ಒಂದಡಿ ದೂರಕ್ಕೆ ಒಂದಡಿ ಇಳಿಜಾರಿನಂತೆ ಒಂದು ಗೆರೆ ಊಹಿಸಿಕೊಳ್ಳಿ. ಆ ಗೆರೆಗಿಂತ ಕೆಳಗೆ ಗುದ್ದಲಿ ಹೋಗಬಾರದು. ಮಣ್ಣು ಸಡಿಲಿದ್ದರೆ ಇನ್ನೂ ದೂರ ಸರಿಯಬೇಕು. ಉಳಿದ ಒಡ್ಡಿನ ಅಂಚಿಗೆ ಸಣ್ಣ ಕಲ್ಲಿನ ಗೋಡೆ ಕಟ್ಟಿ, ಮೇಲೆ ಫರ್ಸಿ ಹಾಸಿದರೆ ಕೂರಲು ಕಟ್ಟೆ ಆಯಿತು.

ಇದೇನು ನನ್ನ ಬುದ್ಧಿಯಲ್ಲ. ನಮ್ಮ ಹಳ್ಳಿ ಮನೆ ನೆನಪು ಮಾಡಿಕೊಳ್ಳಿ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ ಕೆಳಗೆ, ಮನುಷ್ಯರು ಕೂರುವ ಕಟ್ಟೆ ಮೇಲೆ. ಒಂದೇ ಮಾಳಿಗೆಯ ಕೆಳಗೆ ಎರಡು ಮಟ್ಟ. ನೆಲ ಅಂದರೆ ಎಲ್ಲಾ ಕಡೆ ಒಂದೇ ಮಟ್ಟ ಇರಬೇಕು ಅನ್ನುವ ಹಟ ಟೈಲ್ಸಿನ ಜೊತೆ ಬಂದದ್ದು.

ಕಂಬಗಳ ಮಾತು ಹೇಳಲೇಬೇಕು. ನಮ್ಮ ಮಾಳಿಗೆ ಮನೆಗಳಲ್ಲಿ ಭಾರವೆಲ್ಲ ಗೋಡೆಯ ಮೇಲಿರುವುದಿಲ್ಲ. ಜಂತಿ ತೊಲೆಯ ಮೇಲೆ, ತೊಲೆ ಕಂಬದ ಮೇಲೆ, ಕಂಬ ಒಂದು ಕಲ್ಲಿನ ಮೇಲೆ. ಮಾಳಿಗೆಯ ಮೇಲೆ ಒಂದಡಿ ಮಣ್ಣಿದ್ದರೆ ಹತ್ತಡಿಗೆ ಹತ್ತಡಿ ಜಾಗದಲ್ಲಿ ಸುಮಾರು ನಾಲ್ಕೂವರೆ ಟನ್ ಭಾರ, ಅದೂ ಒಣಗಿದಾಗ. ಸೋರುತ್ತದೆ ಅಂತ ಮಳೆಗಾಲಕ್ಕೆ ಮೊದಲು ಕರ್ಲಮಣ್ಣು ಹಾಕುತ್ತ ಬಂದ ಮನೆಗಳಲ್ಲಿ ಇನ್ನೂ ಜಾಸ್ತಿ. ಅಷ್ಟು ಭಾರ ಹೊತ್ತ ಕಂಬದ ಕೆಳಗಿನ ಕಲ್ಲು ಎಷ್ಟು ಆಳ ಇದೆ ಅಂದುಕೊಂಡಿರಿ? ಕೆಲವು ಕಡೆ ಆರು ಇಂಚು. ಕಂಬದ ಸುತ್ತ ಅಗೆಯಲೇಬೇಡಿ. ಅದನ್ನು ಅದರ ಪಾಡಿಗೆ ಒಂದು ಕಟ್ಟೆಯ ಮೇಲೆ ಬಿಡಿ, ಸುತ್ತ ಕಲ್ಲು ಕಟ್ಟಿ. ಮಕ್ಕಳು ಅದರ ಮೇಲೆ ಕೂತು ಓದುತ್ತಾರೆ.

ನೀರಿನ ವಿಷಯ ಬೇಗ ಹೇಳುತ್ತೇನೆ. ನೆಲ ರಸ್ತೆಗಿಂತ ಕೆಳಗೆ ಹೋದರೆ ಮನೆ ಒಂದು ಬೋಗುಣಿ. ಹೊಸ ಮನೆಯ ನೆಲ ಸುತ್ತಲ ಜಾಗಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಮೇಲಿರಲಿ ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ನೀವು ಅದಕ್ಕೆ ತಿರುಗಾಮುರುಗಾ ಹೋಗುತ್ತಿದ್ದೀರಿ. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಒಟ್ಟಿಗೆ ಉಕ್ಕಿದಾಗ ನಮ್ಮ ಜಿಲ್ಲೆಯಲ್ಲೂ ಬೆಳಗಾವಿ ಜಿಲ್ಲೆಯಲ್ಲೂ ಮಣ್ಣಿನ ಮನೆಗಳು ಬಿದ್ದದ್ದು ನೀವೇ ನೋಡಿದ್ದೀರಿ. ಬುಡ ನೆನೆದರೆ ಮಣ್ಣಿನ ಗಾರೆ ಮೆತ್ತಗಾಗುತ್ತದೆ, ಗೋಡೆ ಕೂತುಬಿಡುತ್ತದೆ. ಹಳೇ ಬಾಗಲಕೋಟೆಯಲ್ಲಿ ಹಿನ್ನೀರಿನ ಬದಿಗೆ ಮನೆ ಇದ್ದವರು ಇದನ್ನು ಎರಡು ಸಲ ಯೋಚಿಸಿ. ಆಲಮಟ್ಟಿ ಜಲಾಶಯ 519.6 ಮೀಟರಿಗೆ ಪೂರ್ತಿ ತುಂಬಿದ ಕಾಲಕ್ಕೆ ನಿಮ್ಮ ಗುಂಡಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ಆಮೇಲೆ ಕೆಲಸ ಹಿಡಿಯಿರಿ. ಬೇಸಿಗೆಯಲ್ಲಿ ನೋಡಿದ ಗುಂಡಿಯನ್ನು ನಂಬಬೇಡಿ. ಬೆಳಗಾವಿ, ಖಾನಾಪುರ ಕಡೆಯವರಿಗೆ ಕೆಂಪು ನೆಲ, ಎರೆಯ ಕಾಟ ಕಮ್ಮಿ. ಆದರೆ ಮಳೆ ನಮ್ಮ ಎರಡು ಪಟ್ಟು, ಅವರಿಗೆ ಗೋಡೆಯ ತೇವದ್ದೇ ಚಿಂತೆ.

ಬಚ್ಚಲನ್ನು ಇಳಿಸಬೇಡಿ. ಓಣಿಯ ಗಟಾರು ಇದ್ದಲ್ಲೇ ಇರುತ್ತದೆ. ಬಚ್ಚಲು ಅದಕ್ಕಿಂತ ಕೆಳಗಾದರೆ ಹೋಗಬೇಕಾದ್ದು ಒಳಗೆ ಬರುತ್ತದೆ.

ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯ ಒಳಗೆ ಕೆಲಸ ಮುಗಿಸಿದರೆ ಒಳ್ಳೆಯದು. ಸೋಲಿಂಗಿನ ಕೆಳಗೆ ಎರೆ ಮಣ್ಣು ಬಿಡಬೇಡಿ, ಆದಷ್ಟು ತೆಗೆದು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹಾಕಿ ಧಮ್ಮಸ್ಸು ಮಾಡಿಸಿ, ಅಂದರೆ ಗುದ್ದಿ ಗಟ್ಟಿ ಮಾಡಿಸಿ. ಇಲ್ಲದಿದ್ದರೆ ಹೊಸ ಫರ್ಸಿ ಎರಡು ಮಳೆಗಾಲಕ್ಕೇ ಉಬ್ಬಿ ಏಳುತ್ತದೆ. ಇನ್ನೊಂದು, ಒಳಗೆ ಹೊಸದಾಗಿ ತೆರೆದುಕೊಂಡ ಗೋಡೆ ಬುಡಕ್ಕೆ ಸಿಮೆಂಟಿನ ಗಿಲಾವು ಮಾಡಿಸಬೇಡಿ. ಮಣ್ಣು ಗಾರೆಯ ಗೋಡೆ ನೀರು ಹೀರುತ್ತದೆ, ಬಿಡುತ್ತದೆ. ಸಿಮೆಂಟು ಬಾಯಿ ಮುಚ್ಚಿದರೆ ಅದೇ ನೀರು ಗೋಡೆಯೊಳಗೆ ಮೇಲೇರಿ ಮೊಳಕಾಲೆತ್ತರದಲ್ಲಿ ಉಪ್ಪು ಉಪ್ಪಾಗಿ ಉದುರುತ್ತದೆ. ಸುಣ್ಣದ ಗಾರೆ ಮಾಡಿಸಿ.

ಅಗೆಯುವಾಗ ಕೆಲವು ಸಲ ಗುದ್ದಲಿ ಸುಮ್ನೆ ಒಳಗೆ ಹೋಗಿಬಿಡುತ್ತದೆ. ಕೆಳಗೆ ಏನೂ ಇಲ್ಲ! ಹಗೇವು ಇರಬಹುದು. ಜೋಳ ತುಂಬಿಡಲು ನೆಲದಡಿ ತೋಡಿದ್ದು, ಮೇಲೆ ಬಂಡೆ ಮುಚ್ಚಿ ಮರೆತದ್ದು. ತಕ್ಷಣ ಯಾರೂ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಹಿಂದೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು, ಆರಿದರೆ ಇಳಿಯುತ್ತಿರಲಿಲ್ಲ. ದೀಪ ಉರಿದ ಮಾತ್ರಕ್ಕೆ ಇಳಿಯಬೇಡಿ. ಇಳಿಯುವ ಅಗತ್ಯವೇ ಇಲ್ಲ, ಬಾಯಿ ತೆಗೆದು ಬಿಟ್ಟು ಮೇಲಿನಿಂದಲೇ ಗರಸು ತುಂಬಿಸಿ.

ಗುಳೇದಗುಡ್ಡ, ಇಳಕಲ್ಲಿನ ಮನೆಗಳಲ್ಲಿ ಕುಣಿ ಮಗ್ಗದ ಕುಣಿ ಸಿಗುತ್ತದೆ. ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲು ಕುಣಿಯೊಳಗೆ ಬಿಟ್ಟು ತುಳಿಯುತ್ತಿದ್ದ. ಮಗ್ಗ ಹೋದ ಮೇಲೆ ಕುಣಿಗೆ ಕಸ, ಇಟ್ಟಿಗೆ ಚೂರು ತುಂಬಿ ಮೇಲೆ ಫರ್ಸಿ ಹಾಕಿರುತ್ತಾರೆ, ಅಲ್ಲಿಯೇ ನೆಲ ಕುಸಿಯುವುದು. ನಾನು ಮೊದಲು ಹೇಳಿದ ಅಜ್ಜಿಯ ಮನೆಯಲ್ಲೂ ಎರಡು ಕುಣಿ ಸಿಕ್ಕವು. ಎರಡೂ ಗೋಡೆಯಿಂದ ಒಂದೂವರೆ ಮೊಳ ಬಿಟ್ಟು ತೋಡಿದ್ದು. ಬೆಳಕಿಗೆ ಕಿಟಕಿ ಬುಡವೇ ಬೇಕು, ಆದರೂ ಗೋಡೆಗೆ ತಾಗಿಸಿರಲಿಲ್ಲ.

ಹಗೇವಿನಲ್ಲಿ ಜೋಳದ ಬದಲು ಬಂಗಾರ ಸಿಕ್ಕರೆ ಏನು ಅಂತ ಅಲ್ಲಿ ಯಾರೋ ಕೂಗಿದರು. ಕರ್ನಾಟಕದಲ್ಲಿ ನಿಧಿಗೆ 1962ರ ಕಾಯ್ದೆಯೇ ಇದೆ. ಸುಮ್ಮನೆ ಒಳಗಿಟ್ಟುಕೊಳ್ಳುವ ಹಾಗಿಲ್ಲ, ಅಧಿಕಾರಿಗಳಿಗೆ ತಿಳಿಸಬೇಕು. ನನಗೆ ಇಲ್ಲಿಯವರೆಗೆ ಸಿಕ್ಕದ್ದು ಒಡೆದ ಬೀಸುಗಲ್ಲು, ದನದ ಗೊರಸಿನ ಲಾಳ.

ಕಾಯ್ದೆಯ ಮಾತು ಬಂದದ್ದಕ್ಕೆ ಇನ್ನೊಂದು. ವಿಜಯಪುರ, ಬಾದಾಮಿ, ಐಹೊಳೆ ಕಡೆಯವರು ಬಂದಿದ್ದೀರಿ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಜಾಗ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಜಾಗ. ಅಲ್ಲಿ ಹಳೆ ಮನೆಯ ದುರಸ್ತಿಗೂ ಅನುಮತಿ ಬೇಕು. ನೆಲ ಅಗೆಯುವುದಂತೂ ಕೇಳಿಯೇ ಮಾಡಬೇಕಾದ ಕೆಲಸ. ಸರಕಾರಕ್ಕಿಂತ ಮೊದಲು ಕೇಳಬೇಕಾದವರು ಪಕ್ಕದ ಮನೆಯವರು. ಓಣಿಯ ಮನೆಗಳಲ್ಲಿ ನಡುವಿನ ಗೋಡೆ ಇಬ್ಬರದ್ದೂ. ನೀವು ಈ ಕಡೆ ಬುಡ ಬಿಚ್ಚಿದರೆ ಬಿರುಕು ಅವರ ದೇವರ ಕೋಣೆಯಲ್ಲಿ ಕಾಣುತ್ತದೆ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು.

"ಅಣ್ಣಾರ, ನಮ್ಮ ಅಡಗಿಮನ್ಯಾಗ ಒಳ್ಳು ನೆಲದಾಗ ಹುಗಿದಾರ. ನೆಲಾ ಇಳಿಸಿದ್ರ ಅದನ್ನ ಕೀಳಬೇಕೇನ್ರಿ?"

"ಗೋಡೆಗೆ ಎಷ್ಟು ದೂರ ಐತ್ರಿ ಅಕ್ಕಾರ?"

ಅವರು ಎರಡೂ ಕೈ ಅಗಲ ಮಾಡಿ ತೋರಿಸಿದರು. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ.

"ಹಂಗಾದ್ರ ಅದು ಕಟ್ಟಿ ಮ್ಯಾಲ ಉಳೀತದ್ರಿ. ಕೀಳೂದು ಬ್ಯಾಡ."

"ನಿಂತ ರುಬ್ಬಬಹುದೇನ್ರಿ ಹಂಗಾರ?"

ಕಟ್ಟೆ ಒಂದೂವರೆ ಅಡಿ ಎತ್ತರ ಬರುತ್ತದೆ, ನಿಂತರೆ ಸೊಂಟ ಹಿಡಿಯುತ್ತದೆ, ಕಟ್ಟೆ ಅಂಚಿಗೆ ಕಾಲು ಇಳಿಬಿಟ್ಟು ಕೂತು ರುಬ್ಬಬಹುದು ಅಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಪಕ್ಕದಲ್ಲಿದ್ದ ಮಗನ ಕಡೆ ತಿರುಗಿ "ಮಿಕ್ಸರ್ ಮಾರಾಕ ಹೋಗಬ್ಯಾಡ ಮತ್ತ" ಅಂದರು. ಬರುವ ಬುಧವಾರ ಅವರ ಮನೆಗೆ ಹೋಗುತ್ತಿದ್ದೇನೆ. ಗುಂಡಿ ತೋಡಿಸಿ ಇಟ್ಟಿರಿ ಅಂತ ಹೇಳಿದ್ದೇನೆ.